ದೋಣಿ ಬಾಡಿಗೆಗೆ, ಅಂಬಿಗ ಜೊತೆಗೆ

ಸಕಲೇಶಪುರದಿಂದ ಬಿಸಿಲೆ ಘಾಟಿಯ ಕಡೆಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿಯ ಹತ್ತಿರ ಬೆಟ್ಟದ ಏಣೊಂದಿದೆ. ಅದರ ಮೇಲೆ ಬಿದ್ದ ಮಳೆಗೆ ಎರಡು ದಾರಿ. ಪೂರ್ವಕ್ಕೆ ಇಳಿದ ನೀರು ಹೇಮಾವತಿಯನ್ನು ಸೇರಿ, ಹೇಮಾವತಿಯೊಡನೆ ಕಾವೇರಿಯನ್ನು ಸೇರಿ, ಇಡೀ ಪರ್ಯಾಯ ದ್ವೀಪವನ್ನು ಅಡ್ಡ ಹಾಯ್ದು ಬಂಗಾಳ ಕೊಲ್ಲಿಗೆ ಹೋಗಬೇಕು. ಪಶ್ಚಿಮಕ್ಕೆ ಉರುಳಿದ ನೀರಿಗೆ ಅಷ್ಟು ತಾಪತ್ರಯವಿಲ್ಲ. ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯ ಕೈಹಿಡಿದು, ಮಂಗಳೂರಿನ ಬಳಿ ಅರಬ್ಬೀ ಸಮುದ್ರ ಸೇರಿಬಿಡುತ್ತದೆ. ಒಂದೇ ಮೋಡದ ಎರಡು ಹನಿಗಳು ಹೀಗೆ ಎರಡು ಕಡಲುಗಳ ಪಾಲಾಗುತ್ತವೆ.

ಈ ಬೆಟ್ಟಗಳ ಕಾಫಿ ತೋಟದ ಮನೆಗಳಿಗೆ ರಜೆಯಲ್ಲಿ ಬಂದಿಳಿಯುವ ಬೆಂಗಳೂರಿನ ಜನ ಮನೆಯವರನ್ನು ಎರಡು ಪ್ರಶ್ನೆ ಕೇಳುವುದು ರೂಢಿ. ಜಲಪಾತ ಎಲ್ಲಿದೆ? ದೋಣಿ ಎಲ್ಲಿ ಸಿಗುತ್ತದೆ? ಮೊದಲನೆಯದಕ್ಕೆ ಮಳೆಗಾಲದಲ್ಲಿ ಯಾವ ದಿಕ್ಕಿಗೆ ಬೆರಳು ತೋರಿಸಿದರೂ ಉತ್ತರವೇ. ಎರಡನೆಯದಕ್ಕೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ. ಗಟ್ಟದ ಮೇಲಿನ ಹೊಳೆಗಳು ಬಂಡೆಗಳ ನಡುವೆ ಧುಮ್ಮಿಕ್ಕುವಂಥವು. ಅಲ್ಲಿ ದೋಣಿಗೆ ಕೆಲಸವಿಲ್ಲ. ದೋಣಿ ಬೇಕೆಂದರೆ ನೀರಿನ ಜೊತೆ ಕೆಳಗಿಳಿಯಬೇಕು. ಪೂರ್ವಕ್ಕೆ ಇಳಿದರೆ ಗೊರೂರಿನ ಹಿನ್ನೀರು, ಹರಿಗೋಲು. ಪಶ್ಚಿಮಕ್ಕೆ ಇಳಿದು ಕರಾವಳಿಗುಂಟ ಉತ್ತರಕ್ಕೆ ಹೋದರೆ ಮಲ್ಪೆಯ ಬಂದರು, ಅಲ್ಲಿಂದಾಚೆಗೆ ನಿಜವಾದ ಕಡಲು, ನಿಜವಾದ ದ್ವೀಪ.

ಮೊದಲು ಪೂರ್ವದ ದಾರಿ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಸಕಲೇಶಪುರದ ಸಕಲೇಶ್ವರ ದೇವಾಲಯದ ಪಕ್ಕದಲ್ಲೇ ಹರಿದು, ಆಲೂರು ಸೀಮೆಯನ್ನು ಬಳಸಿ, ಬೇಲೂರಿನ ಕಡೆಯಿಂದ ಬರುವ ಯಗಚಿಯನ್ನು ಕೂಡಿಸಿಕೊಂಡು ಅದು ಗೊರೂರಿಗೆ ಬರುತ್ತದೆ. ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಮುಗಿಯಿತು. ಉದ್ದ 4,692 ಮೀಟರ್, ಎತ್ತರ 58.5 ಮೀಟರ್, ಹಿಡಿಯುವ ನೀರು 37 ಟಿಎಂಸಿ ಅಡಿಗಿಂತ ತುಸು ಹೆಚ್ಚು. ತುಂಬಿದಾಗ ಸುಮಾರು 8,500 ಹೆಕ್ಟೇರ್, ಅಂದರೆ ಇಪ್ಪತ್ತೊಂದು ಸಾವಿರ ಎಕರೆಯಷ್ಟು ನೆಲದ ಮೇಲೆ ನೀರು ಮಲಗುತ್ತದೆ. ಆ ನೆಲವೇನೂ ಖಾಲಿ ಬಿದ್ದಿರಲಿಲ್ಲ. ಹಾಸನ, ಆಲೂರು, ಅರಕಲಗೂಡು ತಾಲ್ಲೂಕುಗಳ ಹಳ್ಳಿಗಳು, ಗದ್ದೆಗಳು, ಗುಡಿಗಳು, ತೋಪುಗಳು, ಹೊಳೆ ದಾಟುತ್ತಿದ್ದ ಹಳೆಯ ಕಡವುಗಳು ಎಲ್ಲವೂ ಅದರಲ್ಲಿ ಮುಳುಗಿದವು. ಎತ್ತರದ ದಿಣ್ಣೆಗಳ ನೆತ್ತಿ ಮಾತ್ರ ಉಳಿದು ನಡುಗಡ್ಡೆಗಳಾದವು. ಊರು ಕಳೆದುಕೊಂಡವರಿಗೆ ಅವು ತಮ್ಮ ಹೊಲದ ಮೇಲಿನ ಗುಡ್ಡ. ದೋಣಿಯಲ್ಲಿ ಹೋಗುವವರಿಗೆ ‘ಐಲ್ಯಾಂಡ್’.

ಹಳ್ಳಿಗಾಡಿನ ಬದುಕನ್ನು ಕನ್ನಡಕ್ಕೆ ನಗುನಗುತ್ತ ತಂದುಕೊಟ್ಟ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಊರು ಇದೇ. 1904ರಲ್ಲಿ ಹುಟ್ಟಿ 1991ರಲ್ಲಿ ತೀರಿಕೊಂಡ ಅವರು ಹೇಮಾವತಿ ಮೈತುಂಬಿ ಹರಿಯುವ ಹೊಳೆಯಾಗಿದ್ದುದನ್ನೂ ಕಂಡರು, ಕಟ್ಟೆಯ ಹಿಂದೆ ನಿಂತ ನೀರಾದುದನ್ನೂ ಕಂಡರು. ಅಣೆಕಟ್ಟಿನಿಂದಾಗಿ ಅವರ ಊರಿನ ಹೆಸರು ನಾಡಿಗೆಲ್ಲ ತಿಳಿಯಿತು ಎನ್ನುವವರಿದ್ದಾರೆ. ಓದುವ ಜನಕ್ಕೆ ಅದು ಮೊದಲೇ ತಿಳಿದಿತ್ತು.

ಹಿನ್ನೀರಿನಲ್ಲಿ ದೋಣಿ ಕೇಳುವವರು ಹೆಚ್ಚಾಗಿ ಹೋಗುವುದು ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಗೆ. ಅಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಜರಿ ಮಾತೆಯ ಇಗರ್ಜಿಯೊಂದಿದೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಎಂಬ ಮಾತು ಊರಲ್ಲಿದೆ. ಅಣೆಕಟ್ಟು ಆದ ಮೇಲೆ ಜನ ಬೇರೆಡೆಗೆ ಹೋದರು, ಇಗರ್ಜಿ ಅಲ್ಲೇ ಉಳಿಯಿತು. ಮಾಡು ಹೋಗಿ ಎಷ್ಟೋ ಕಾಲವಾಯಿತು. ಕಮಾನುಗಳೂ ಗೋಡೆಗಳೂ ಮಾತ್ರ ಪ್ರತಿ ಮಳೆಗಾಲ ನೀರಿನಲ್ಲಿ ನಿಂತು, ಪ್ರತಿ ಬೇಸಿಗೆ ಒಣಗಿ, ವರ್ಷಕ್ಕಿಷ್ಟು ಉದುರುತ್ತಿವೆ. ಜಲಾಶಯ ತುಂಬಿದಾಗ ಅದರ ಅರ್ಧ ಮೈ ಮಾತ್ರ ಕಾಣುತ್ತದೆ. ಆಗ ಸುತ್ತಮುತ್ತಲಿನ ಮೀನು ಹಿಡಿಯುವವರು ಬಂದ ಜನರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಗೋಡೆಗಳ ಸುತ್ತ ಒಂದು ಬಳಸು ಬಳಸಿ ತಂದು ಬಿಡುತ್ತಾರೆ. ಮೀನು ಬೀಳದ ದಿನದಲ್ಲಿ ಅದೊಂದು ಮೇಲಾದಾಯ.

ಹರಿಗೋಲು ಎಂಬ ಈ ವಾಹನದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ನೋಡಲು ಬುಟ್ಟಿ. ಹೆಣೆಯುವ ವಿಧಾನವೂ ಬುಟ್ಟಿಯದೇ. ಬಿದಿರನ್ನು ಸೀಳಿ, ಸೀಳುಗಳನ್ನು ಒಂದರಡಿ ಒಂದು ಹಾಯಿಸಿ ನೆಲದ ಮೇಲೆ ಚಾಪೆಯಂತೆ ಹರಡಿ, ಅಂಚುಗಳನ್ನು ಮೇಲಕ್ಕೆ ಬಾಗಿಸಿ, ಬಾಯಿಗೆ ದಪ್ಪ ಕಟ್ಟು ಕಟ್ಟುತ್ತಾರೆ. ಹೊರಮೈಗೆ ಹಿಂದೆ ಎಮ್ಮೆ ಅಥವಾ ದನದ ಚರ್ಮ ಹೊಲಿಯುತ್ತಿದ್ದರು. ಆಮೇಲೆ ಚರ್ಮದ ಜಾಗಕ್ಕೆ ಗೋಣಿ, ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು ಬಂದವು. ಈಗ ಇಡೀ ಹರಿಗೋಲನ್ನೇ ಫೈಬರ್‌ನಲ್ಲಿ ಎರಕ ಹೊಯ್ದು ಮಾರುವವರೂ ಇದ್ದಾರೆ. ಫೈಬರಿನದು ಹೆಚ್ಚು ಕಾಲ ಬಾಳುತ್ತದೆ. ಆದರೆ ಬಿದಿರಿನದಕ್ಕೆ ಇರುವ ಒಂದು ಗುಣ ಅದಕ್ಕಿಲ್ಲ. ಬಂಡೆಗೆ ಬಡಿದರೆ ಬಿದಿರು ಬಳುಕುತ್ತದೆ, ಒಡೆಯುವುದಿಲ್ಲ.

ಇದಕ್ಕೆ ಮುಂದು ಹಿಂದು ಎಂಬುದಿಲ್ಲ, ಅಡಿಯಲ್ಲಿ ದಿಕ್ಕು ಹಿಡಿಯುವ ಏಣೂ ಇಲ್ಲ. ಆದ್ದರಿಂದ ಒಂದು ಪಕ್ಕಕ್ಕೆ ಹುಟ್ಟು ಹಾಕಿದರೆ ಬುಗುರಿಯಂತೆ ಸುತ್ತುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಅದನ್ನು ಮುಂದೆ ಒಯ್ಯುವ ಗುಟ್ಟು ಹೀಗಿದೆ. ಅಂಬಿಗ ಹೋಗಬೇಕಾದ ದಿಕ್ಕಿನ ಅಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಹುಟ್ಟನ್ನು ಎದುರಿಗೆ ಚಾಚಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ. ಎಡದ ಎಳೆತ ತಿರುಗಿಸಿದ್ದನ್ನು ಬಲದ ಎಳೆತ ಸರಿಪಡಿಸುತ್ತದೆ. ದಡದಲ್ಲಿ ನಿಂತವರಿಗೆ ಇದು ಸುಲಭವಾಗಿ ಕಾಣುತ್ತದೆ. ಹುಟ್ಟು ಕೈಗೆ ಕೊಟ್ಟರೆ ಐದು ನಿಮಿಷದಲ್ಲಿ ತಲೆ ತಿರುಗುತ್ತದೆ, ಹರಿಗೋಲೂ ಅಲ್ಲೇ ತಿರುಗುತ್ತಿರುತ್ತದೆ. ಪ್ರವಾಸಿಗರನ್ನು ನಗಿಸಲು ಅಂಬಿಗರು ಬೇಕೆಂದೇ ಗಿರಗಿರನೆ ಸುತ್ತಿಸುವುದೂ ಉಂಟು.

ಅಗಲವಾದ ತಳವಿರುವುದರಿಂದ ಹರಿಗೋಲು ಗೇಣುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆಗಳೇ ತುಂಬಿದ ದಖನ್ನಿನ ಹೊಳೆಗಳಿಗೆ, ಬೇಸಿಗೆಯಲ್ಲಿ ಬಡವಾಗಿ ಮಳೆಗಾಲದಲ್ಲಿ ರೌದ್ರವಾಗುವ ನದಿಗಳಿಗೆ, ಇದಕ್ಕಿಂತ ಹೊಂದುವ ವಾಹನ ಇನ್ನೊಂದಿರಲಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ತುಂಗಭದ್ರೆಯನ್ನು ಜನ ದಾಟುತ್ತಿದ್ದ ಈ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ನೆಟ್ಟಗೆ ಹೋಗದೆ ಸದಾ ಸುತ್ತುತ್ತಿರುತ್ತವೆ ಎಂಬುದು ಅವನ ವರದಿಯ ತಿರುಳು. ಐನೂರು ವರ್ಷದ ಮೇಲೆ ಅದೇ ತುಂಗಭದ್ರೆಯಲ್ಲಿ ಹಂಪಿಯ ಪ್ರವಾಸಿಗರು ಹತ್ತುವ ಹರಿಗೋಲನ್ನು ನೋಡಿದರೆ, ಚರ್ಮ ಒಂದನ್ನು ಬಿಟ್ಟು ಪಾಯಸ್ ತನ್ನ ಬರಹದಲ್ಲಿ ಏನನ್ನೂ ತಿದ್ದಬೇಕಾಗಿರಲಿಲ್ಲ.

ಇದು ನಮ್ಮದೊಂದೇ ನಾಡಿನ ಸೊತ್ತಲ್ಲ ಎಂಬುದೂ ನಿಜ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಯೂಫ್ರಟೀಸ್ ನದಿಯಲ್ಲಿ ಬ್ಯಾಬಿಲೋನಿಗೆ ಸರಕು ತರುತ್ತಿದ್ದ ಗುಂಡನೆಯ ಚರ್ಮದ ದೋಣಿಗಳನ್ನು ಬಣ್ಣಿಸಿದ್ದಾನೆ. ಆ ದೋಣಿಗಳದೊಂದು ಚಮತ್ಕಾರ. ಹೊಳೆಯ ಸೆಳವಿಗೆ ಎದುರಾಗಿ ಅವು ಮರಳಿ ಹೋಗಲಾರವು. ಆದ್ದರಿಂದ ವ್ಯಾಪಾರಿಗಳು ಪ್ರತಿ ದೋಣಿಯಲ್ಲೂ ಒಂದು ಕತ್ತೆಯನ್ನು ತರುತ್ತಿದ್ದರಂತೆ. ಸರಕು ಮಾರಿ, ದೋಣಿಯ ಕಟ್ಟಿಗೆಯನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರಿಗೆ ಹಿಂದಿರುಗುತ್ತಿದ್ದರು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲೂ ಇಂಥ ಪುಟ್ಟ ದೋಣಿಗಳಿದ್ದವು. ಇಲ್ಲಿಗೆ ಬಂದ ಇಂಗ್ಲಿಷರು ತಮ್ಮ ಕಡೆಯ ‘ಕೊರಕಲ್’ ಎಂಬ ಹೆಸರನ್ನೇ ಹರಿಗೋಲಿಗೂ ಅಂಟಿಸಿದರು. ಹೋಟೆಲುಗಳ ಫಲಕಗಳಲ್ಲಿ ಈಗ ಕಾಣುವುದು ಆ ಹೆಸರೇ. ತಮಿಳಿನಲ್ಲಿ ಇದು ಪರಿಸಲ್; ಹೊಗೇನಕಲ್ಲಿಗೆ ಹೋದವರು ಕೇಳಿರುತ್ತಾರೆ. ಮೈಸೂರಿನ ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ಧೋಂಡಿಯ ವಾಘನ ಬೆನ್ನಟ್ಟಿ ಹೊರಟ ಆರ್ಥರ್ ವೆಲ್ಲೆಸ್ಲಿ ಉತ್ತರ ಕರ್ನಾಟಕದ ತುಂಬಿದ ಹೊಳೆಗಳನ್ನು ದಾಟಲು ನೆಚ್ಚಿಕೊಂಡದ್ದು ಬುಟ್ಟಿದೋಣಿಗಳನ್ನೇ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿಯೂ ನಮ್ಮ ಹೊಳೆಗಳ ಮುಂದೆ ಬಿದಿರು ಚರ್ಮಗಳಿಗಾಗಿ ಕಾದು ನಿಂತವನೇ.

ಈಗ ಬಾಡಿಗೆಯ ವಿಷಯ. ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ ಕಡವು ಎಂದರೆ ಊರಿಗೆ ಬಾಗಿಲಿದ್ದಂತೆ. ಸಂತೆಗೆ ಹೋಗುವವರು, ಮದುವೆ ದಿಬ್ಬಣದವರು, ತವರಿಗೆ ಹೊರಟ ಬಾಣಂತಿ, ಶಾಲೆಯ ಮಕ್ಕಳು ಎಲ್ಲರೂ ಅಂಬಿಗನ ಕೈಯಲ್ಲಿ. ಹಲವೆಡೆ ಊರವರು ದಾಟಿದ್ದಕ್ಕೆ ಅಂದಂದೇ ಕಾಸು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಅಂಬಿಗ ಕಣಕ್ಕೆ ಬಂದು ಮನೆಗಿಷ್ಟು ಎಂದು ಕಾಳು ಅಳೆಸಿಕೊಂಡು ಹೋಗುತ್ತಿದ್ದ. ಕ್ಷೌರಿಕನಿಗೆ, ಕಮ್ಮಾರನಿಗೆ ಕೊಟ್ಟಂತೆಯೇ ಅವನಿಗೂ. ಕಾಸು ಕೊಡಬೇಕಾದವರು ಪರಊರಿನವರು. ದೊಡ್ಡ ಕಡವುಗಳನ್ನು ಸರಕಾರ ಅಥವಾ ಸ್ಥಳೀಯ ಮಂಡಳಿ ವರ್ಷಕ್ಕೊಮ್ಮೆ ಹರಾಜು ಹಾಕುತ್ತಿತ್ತು. ಹರಾಜು ಹಿಡಿದವನು ಗುತ್ತಿಗೆದಾರ, ಹುಟ್ಟು ಹಾಕುವವನು ಅವನ ಕೂಲಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ. ಕಾಲು ಹೊರಗಿಡುವ ಮೊದಲೇ ಕಾಸು ಕೇಳುವ ಅಂಬಿಗನನ್ನು ಒರಟನೆಂದು ಬೈಯುವವರು ಆ ಗಾದೆಯನ್ನು ಒಮ್ಮೆ ನೆನೆಯಬೇಕು.

ಬೈಗುಳದಲ್ಲಿ ಅಂಬಿಗನೂ ಹಿಂದೆ ಬಿದ್ದವನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅತಿ ಖಾರವಾದ ಮಾತಿನವನು ಅಂಬಿಗರ ಚೌಡಯ್ಯ. ಬೇರೆ ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ, ಇವನು ತನ್ನ ಹೆಸರನ್ನೂ ಕಸುಬನ್ನೂ ಕೂಡಿಸಿ ಅಂಕಿತವಾಗಿಸಿದ. ತುಂಗಭದ್ರೆಯ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ, ಅವನ ಗದ್ದುಗೆ ಎನ್ನುವ ಸ್ಥಳವಿದೆ. ದಾಸರೂ ದೇವರನ್ನೇ ಅಂಬಿಗನೆಂದು ಕರೆದು ಹಾಡಿದರು. ಕನ್ನಡಿಗರ ಮನಸ್ಸಿನಲ್ಲಿ ದೋಣಿ ಎಂದರೆ ಆಚೆ ದಡ ಮುಟ್ಟಿಸುವ ಸಾಧನ. ಅದರಲ್ಲಿ ಕೂತು ವಿಹರಿಸುವುದು ಅರಮನೆಯವರ ಕೆಲಸವಾಗಿತ್ತು.

ಇದನ್ನೇ ಹಿನ್ನೀರು ತಿರುಗುಮುರುಗು ಮಾಡಿದೆ. ಸೇತುವೆಗಳು ಬಂದು ಅಂಬಿಗರ ಕಡವುಗಳು ಮುಚ್ಚಿದವು. ಅಣೆಕಟ್ಟು ಬಂದು ಹೊಳೆಯೇ ಕೆರೆಯಾಯಿತು. ಈಗ ಹರಿಗೋಲು ಹತ್ತುವವನಿಗೆ ಆಚೆ ದಡದಲ್ಲಿ ಕೆಲಸವಿಲ್ಲ. ಹತ್ತಿದ ದಡಕ್ಕೇ ಅವನು ಮರಳಿ ಬರಬೇಕು. ಹಿಂದೆ ಕೂಲಿ ಕೊಡುತ್ತಿದ್ದುದು ದೂರಕ್ಕೆ, ಈಗ ಹೊತ್ತಿಗೆ. ಹಿಂದಿನ ಪ್ರಯಾಣಿಕ ಬೇಗ ಮುಟ್ಟಿಸಪ್ಪಾ ಎನ್ನುತ್ತಿದ್ದ. ಇಂದಿನವನು ಇನ್ನೊಂದು ಸುತ್ತು ಹೊಡೆಸಿ ಅನ್ನುತ್ತಾನೆ. ಚೌಕಾಸಿ ಹುಟ್ಟುವುದೇ ಇಲ್ಲಿ. ಅರ್ಧ ಗಂಟೆ ಎಂದರೆ ದೋಣಿಯವನಿಗೆ ಗೋಡೆಯ ಸುತ್ತ ಒಂದು ಬಳಸು, ಪ್ರವಾಸಿಗೆ ಗಡಿಯಾರದ ಮೂವತ್ತು ನಿಮಿಷ. ತಲೆಗಿಷ್ಟೋ ಹರಿಗೋಲಿಗಿಷ್ಟೋ, ಎಷ್ಟು ಹೊತ್ತು, ಎಲ್ಲಿಯವರೆಗೆ ಎಂಬುದನ್ನು ದಡದಲ್ಲೇ ಮಾತಾಡಿಕೊಂಡರೆ ನೀರಿನ ಮೇಲೆ ಮುಖ ಗಂಟಿಕ್ಕುವ ಪ್ರಸಂಗ ಬರುವುದಿಲ್ಲ. ಗುಂಪು ದೊಡ್ಡದಿದ್ದಾಗ ಎರಡು ಹರಿಗೋಲು ಹಿಡಿಯುವುದನ್ನು ಬಿಟ್ಟು ಒಂದರಲ್ಲೇ ತುಂಬಿಸಿಕೊಂಡು ಹಣ ಉಳಿಸಲು ನೋಡುವುದು ಮಾತ್ರ ಪ್ರಾಣದ ಜೊತೆಗಿನ ಚೌಕಾಸಿ.

ಏಕೆಂದರೆ ಹಿನ್ನೀರು ಮೇಲೆ ಕಾಣುವಷ್ಟು ಸೌಮ್ಯವಲ್ಲ. ಹೊಳೆಗೆ ಸವೆದ ಪಾತ್ರವಿರುತ್ತದೆ. ಎಲ್ಲಿ ಆಳ, ಎಲ್ಲಿ ಸುಳಿ ಎಂಬುದು ತಲೆಮಾರುಗಳಿಂದ ಗೊತ್ತಿರುತ್ತದೆ. ಜಲಾಶಯದ ತಳದಲ್ಲಿರುವುದು ಊರು. ಮರದ ಬೊಡ್ಡೆ, ಬಾವಿಯ ಕಟ್ಟೆ, ಬಿದ್ದ ಗೋಡೆ, ಹಳೆಯ ರಸ್ತೆಯ ಏರಿ ಎಲ್ಲವೂ ನೀರಿನಡಿಯಲ್ಲಿ ಹಾಗೆಯೇ ಇರುತ್ತವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಆಳುದ್ದ ಇಳಿಯಬಹುದು. ದಡದ ಕೆಸರು ಕಾಲನ್ನು ಹಿಡಿದರೆ ಬಿಡಿಸಿಕೊಳ್ಳುವುದು ಈಜು ಬಲ್ಲವನಿಗೂ ಕಷ್ಟ. ಮುಂಗಾರಿನ ದಿನಗಳಲ್ಲಿ ಪಶ್ಚಿಮದ ಬೆಟ್ಟಗಳಿಂದ ಬೀಸುವ ಗಾಳಿಗೆ ಎದುರು ಬಯಲಾದ ಈ ನೀರಿನ ಮೇಲೆ ತಡೆಯೇ ಇಲ್ಲ. ಅಲೆ ಎದ್ದರೆ ಹರಿಗೋಲು ಹುಟ್ಟಿನ ಮಾತು ಕೇಳುವುದಿಲ್ಲ, ಗಾಳಿಯ ಮಾತು ಕೇಳುತ್ತದೆ.

ಹರಿಗೋಲಿನ ಸ್ವಭಾವವೂ ಹಾಗೆಯೇ. ಎಲ್ಲರೂ ತಳದಲ್ಲಿ ಸುತ್ತಲೂ ಹಂಚಿ ಕೂತಾಗ ಅದು ಬಲು ಭದ್ರ. ಭಾರ ಕೆಳಗೆ, ಅಗಲವೆಲ್ಲ ನೀರಿನ ಮೇಲೆ. ಫೋಟೋ ತೆಗೆಯಲೆಂದು ನಾಲ್ಕು ಜನ ಎದ್ದು ಒಂದೇ ಅಂಚಿಗೆ ಬಂದರೆ, ಬಾಯಿಯ ಕಟ್ಟು ನೀರು ಮುಟ್ಟುವುದಕ್ಕೆ ಗೇಣು ಮಾತ್ರ ಉಳಿದಿರುತ್ತದೆ. ಒಮ್ಮೆ ನೀರು ಒಳಗೆ ನುಗ್ಗಿತೆಂದರೆ, ಆ ನೀರೂ ಬಾಗಿದ ಕಡೆಗೇ ಓಡಿ ಬಾಗನ್ನು ಹೆಚ್ಚಿಸುತ್ತದೆ. ಅಂಬಿಗರು ‘ಏಳಬೇಡಿ, ಏಳಬೇಡಿ’ ಎಂದು ಕೂಗುವುದು ಅಧಿಕಾರ ತೋರಿಸುವುದಕ್ಕಲ್ಲ.

ದೊಡ್ಡ ದೋಣಿಗಳ ಪಾಠವೂ ಬೇರೆಯಲ್ಲ. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿಕೊಂಡು ಬರುತ್ತಿದ್ದ ದೋಣಿ ಅಲೆಗೆ ಸಿಕ್ಕಿ ಮಗುಚಿತು. ಮಕ್ಕಳೂ ಸೇರಿದಂತೆ ಹದಿನಾರು ಮಂದಿ ಸತ್ತರು. ದಡ ಅಲ್ಲಿಂದ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇತ್ತು. ಹಬ್ಬದ ಸಂಭ್ರಮ, ಇನ್ನೊಂದು ದೋಣಿಗೆ ಕಾಯಲು ಬೇಸರ, ಮೈಗೆ ತೇಲುಕವಚ ಇಲ್ಲದಿರುವುದು, ಇವು ಮೂರೂ ಸೇರಿದರೆ ಏನಾಗುತ್ತದೆ ಎಂಬುದನ್ನು ಕರಾವಳಿ ಆ ದಿನ ಕಂಡಿತು. ಒಳನಾಡಿನ ನೀರಿನ ಮೇಲಿನ ದೋಣಿಗಳಿಗೆ 1917ರ ಬ್ರಿಟಿಷ್ ಕಾಲದ ಕಾನೂನೇ ಬಹುಕಾಲ ನಡೆಯಿತು. ಅದರ ಜಾಗಕ್ಕೆ 2021ರಲ್ಲಿ ಹೊಸ ಒಳನಾಡು ನೌಕಾ ಕಾಯಿದೆ ಬಂತು. ಎಂಜಿನ್ ಇರುವ ದೋಣಿಗೆ ತಪಾಸಣೆ, ನೋಂದಣಿ ಕಡ್ಡಾಯ. ಎಂಜಿನ್ ಇಲ್ಲದ ದೋಣಿಗಳನ್ನೂ ಸ್ಥಳೀಯ ಆಡಳಿತದ ಮಟ್ಟದಲ್ಲಿ ದಾಖಲಿಸಬೇಕೆಂಬ ಅವಕಾಶ ಅದರಲ್ಲಿದೆ. ಕಾಗದದ ಮೇಲಿನ ಈ ಮಾತು ಹಿನ್ನೀರಿನ ಮೂಲೆಮೂಲೆಯ ಹರಿಗೋಲಿಗೆ ತಲುಪುವುದು ಮಾತ್ರ ನಿಧಾನದ ಕೆಲಸ. ಅಲ್ಲಿಯವರೆಗೆ ತೇಲುಕವಚ ಎಲ್ಲಿ ಎಂದು ಕೇಳಬೇಕಾದವನು ಹತ್ತುವವನೇ. ಅದನ್ನು ಸೀಟಿನ ಅಡಿಯಲ್ಲಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಮುಂದಿನ ಪಟ್ಟಿಗಳನ್ನು ಬಿಗಿಯದೆ ಕೋಟಿನಂತೆ ಹಾಕಿಕೊಂಡರೆ ನೀರಿಗೆ ಬಿದ್ದಾಗ ಕವಚ ಮೇಲೆ, ಮನುಷ್ಯ ಕೆಳಗೆ. ಇಷ್ಟೆಲ್ಲ ಉಸಾಬರಿ ಬೇಡ ಎನ್ನುವವರಿಗೆ ಬೇಲೂರಿನ ಯಗಚಿ ಜಲಾಶಯದಲ್ಲಿ ಜಲಸಾಹಸ ಕ್ರೀಡೆಗಳ ಕೇಂದ್ರವೊಂದಿದೆ.

ಹೇಮಾವತಿಯ ನೀರನ್ನೇ ಇನ್ನಷ್ಟು ದೂರ ಹಿಂಬಾಲಿಸಿದರೆ ಕೃಷ್ಣರಾಜಸಾಗರ, ಅಲ್ಲಿಂದ ಕೆಳಗೆ ರಂಗನತಿಟ್ಟು. ಕಾವೇರಿಗೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿ, ಮೈಸೂರಿನ ಅರಸರಿಗೆ ಹೇಳಿ 1940ರಲ್ಲಿ ಅದನ್ನು ಪಕ್ಷಿಧಾಮವಾಗಿಸಿದರು. ಅಲ್ಲಿ ಅರಣ್ಯ ಇಲಾಖೆಯ ಅಂಬಿಗರೇ ಹುಟ್ಟು ಹಾಕುತ್ತಾರೆ. ಗಡ್ಡೆಯ ಮೇಲೆ ಕಾಲಿಡುವ ಹಾಗಿಲ್ಲ. ಇಡಬೇಕೆನ್ನುವ ಆಸೆಯೂ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ನೋಡಿದ ಮೇಲೆ ಉಳಿಯುವುದಿಲ್ಲ.

ಇನ್ನು ಪಶ್ಚಿಮದ ದಾರಿ. ರೈಲಿನಲ್ಲಿ ಹೋದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೆ 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ. ಕೊನೆಯ ಸುರಂಗ ದಾಟುವ ಹೊತ್ತಿಗೆ ಹವೆಯೇ ಬದಲಾಗಿರುತ್ತದೆ. ಕರಾವಳಿಯಲ್ಲಿ ಉಡುಪಿಯ ಪಕ್ಕದ ಮಲ್ಪೆ ಬಂದರಿನಿಂದ ಸುಮಾರು 6 ಕಿಲೋಮೀಟರ್ ಕಡಲಿನಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ. ಹೆಚ್ಚಿನ ಜನ ಕಾಲಿಡುವುದು ತೆಂಗಿನ ಮರಗಳಿರುವ ಒಂದಕ್ಕೆ. ಊರವರು ಅದನ್ನು ತೋನ್ಸೆಪಾರ್ ಎನ್ನುತ್ತಾರೆ. ಉದ್ದ ಅರ್ಧ ಕಿಲೋಮೀಟರ್ ಆದೀತು, ಅಗಲ ನೂರು ಮೀಟರ್. ದಂಡೆಯಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೊ ಡ ಗಾಮ ಇಲ್ಲೂ ಇಳಿದು ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟ ಎಂಬುದು ಪ್ರತೀತಿ.

ಹೆಸರಿಗಿಂತ ಹಳೆಯದು ಅಲ್ಲಿನ ಕಲ್ಲು. ಆರು ಮೂಲೆಯ ಕಂಬಗಳನ್ನು ಜೋಡಿಸಿಟ್ಟಂತೆ ಕಾಣುವ ಅವು ಶಿಲ್ಪಿಗಳ ಕೆಲಸವಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ ಬಿರಿದದ್ದು. ಒಣಗಿದ ಕೆರೆಯ ಕೆಸರು ಬಿರಿಯುವ ಬಗೆಯೇ ಇದು. ಇಲ್ಲಿ ಬಿರುಕು ಆಳಕ್ಕೆ ಇಳಿದು ಕಂಬಗಳಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಮಲ್ಪೆಯಲ್ಲಿ ದೋಣಿ ಹಿಡಿಯುವುದೆಂದರೆ ಟಿಕೇಟು ಕೊಂಡು, ಜನ ತುಂಬುವವರೆಗೆ ಕಾದು, ಎಂಜಿನ್ ದೋಣಿಯಲ್ಲಿ ಎಲ್ಲರೊಡನೆ ಹೋಗುವುದು. ಹಿಂದೆ ದೊಡ್ಡ ದೋಣಿ ದ್ವೀಪದ ಹತ್ತಿರ ನಿಂತು, ಅಲ್ಲಿಂದ ಸಣ್ಣ ದೋಣಿಗೆ ಇಳಿದು ದಡ ಸೇರಬೇಕಾಗಿತ್ತು; ಸೀರೆ ನೆನೆಯದೆ ಇಳಿದವರು ಕಡಿಮೆ. ಹೊರದೇಶಗಳ ದ್ವೀಪಗಳಲ್ಲಿ ಬೇರೆ ಪದ್ಧತಿಗಳಿವೆ. ಗ್ರೀಸ್‌ನಲ್ಲಿ ಸಣ್ಣ ಎಂಜಿನ್ನಿನ ದೋಣಿಯನ್ನು ಪರವಾನಗಿ ಕೇಳದೆ ಪ್ರವಾಸಿಯ ಕೈಗೇ ಕೊಟ್ಟು, ಸಂಜೆ ತಂದು ಕೊಡಿ ಎನ್ನುವುದುಂಟು. ಥಾಯ್ಲೆಂಡಿನಲ್ಲಿ ಮೋಟಾರು ಎಂಜಿನ್ನಿಗೆ ಉದ್ದನೆಯ ಕೋಲು ಸೇರಿಸಿದ ‘ಉದ್ದಬಾಲದ’ ದೋಣಿಗಳು ದಿನದ ಬಾಡಿಗೆಗೆ ದೊರೆಯುತ್ತವೆ, ನಡೆಸುವವನ ಸಮೇತ. ನಮ್ಮ ಕಡಲಿಗೆ ಹೊಂದುವುದು ಎರಡನೆಯ ಪದ್ಧತಿಯೇ. ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರವಿಳಿತ ಬಹಳ ಕಡಿಮೆ, ಮುಂಗಾರು ಇಲ್ಲ. ಇಲ್ಲಿಯ ನದಿಮುಖಗಳಲ್ಲಿ ಮರಳದಿಬ್ಬ ವರ್ಷ ವರ್ಷ ಜಾಗ ಬದಲಿಸುತ್ತದೆ. ಇಳಿತದ ಹೊತ್ತಿನಲ್ಲಿ ಅದರ ಮೇಲೆ ಅಲೆ ಮುರಿಯುವ ಜಾಗ ಎಲ್ಲಿ ಎಂಬುದು ಮೊಗವೀರರ ಹುಡುಗನಿಗೆ ಗೊತ್ತೇ ಹೊರತು ನಕ್ಷೆಗಲ್ಲ. ನಮ್ಮಲ್ಲಿ ಬಾಡಿಗೆಗೆ ಸಿಗುವುದು ದೋಣಿಯಲ್ಲ, ದೋಣಿಯವನ ತಿಳಿವಳಿಕೆ. ಮಲ್ಪೆಯಾದರೂ ಶೆಟ್ಟಿಹಳ್ಳಿಯಾದರೂ ಇವತ್ತು ಗಾಳಿ ಸರಿಯಿಲ್ಲ ಎಂದು ಅವನು ಅಂದರೆ, ಇಮ್ಮಡಿ ಕೊಡುತ್ತೇನೆ ಎಂದು ಒತ್ತಾಯಿಸುವುದು ಅದನ್ನು ಕೊಳ್ಳದೆ ಬಿಟ್ಟಂತೆ.

ಎರಡು ಇಳಿಜಾರುಗಳ ದೋಣಿಗಳಿಗೂ ಕಾಲಮಾನ ಬೇರೆ. ಜೂನ್ ಬಂತೆಂದರೆ ಮಲ್ಪೆಯಿಂದ ದ್ವೀಪಕ್ಕೆ ದೋಣಿ ನಿಲ್ಲುತ್ತದೆ, ಸೆಪ್ಟೆಂಬರ್ ಮುಗಿಯುವವರೆಗೆ ಕಡಲು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಯಾಂತ್ರೀಕೃತ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಅದೇ ಮಳೆ ಗಟ್ಟ ಹತ್ತಿ ಬಂದು ಸಕಲೇಶಪುರದ ಬೆಟ್ಟಗಳ ಮೇಲೆ ಸುರಿದು ಗೊರೂರಿನ ಜಲಾಶಯವನ್ನು ತುಂಬಿಸುತ್ತದೆ. ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ಇಗರ್ಜಿಯ ಸುತ್ತ ನೀರು ನಿಂತು ಹರಿಗೋಲಿಗೆ ಕೆಲಸ ಹುಟ್ಟುತ್ತದೆ. ಮಾಗಿ ಕಳೆದಂತೆ ನಾಲೆಗಳಿಗೆ ನೀರು ಬಿಟ್ಟು ಜಲಾಶಯ ತಗ್ಗುತ್ತದೆ, ಮಾರ್ಚಿನಲ್ಲಿ ಇಗರ್ಜಿಯ ಬಾಗಿಲವರೆಗೂ ಕಾರುಗಳು ಹೋಗುತ್ತವೆ. ಜುಲೈ ತಿಂಗಳಲ್ಲಿ ದ್ವೀಪ ನೋಡಲೆಂದು ಮಲ್ಪೆಗೆ ಹೋದವರೂ, ಏಪ್ರಿಲ್‌ನಲ್ಲಿ ಮುಳುಗಿದ ಇಗರ್ಜಿ ನೋಡಲೆಂದು ಶೆಟ್ಟಿಹಳ್ಳಿಗೆ ಬಂದವರೂ ಪೆಚ್ಚುಮೋರೆಯಿಂದ ಹಿಂದಿರುಗುವುದು ಪ್ರತಿವರ್ಷದ ಸಂಗತಿ. ಆ ಹೊತ್ತಿಗೆ ಹರಿಗೋಲುಗಳು ಬಿರಿದ ಕೆಸರಿನಾಚೆ ದಡದ ಮೇಲೆ ಬೋರಲು ಬಿದ್ದಿರುತ್ತವೆ, ಮುಂದಿನ ಮಳೆಗೆ ಮುಂಚಿನ ಟಾರಿನ ಲೇಪಕ್ಕೆ ಕಾಯುತ್ತ.